ಹಿಂತಿರುಗಿ ನೋಡಿದವನ ಕಥೆ

ರಾತ್ರಿ ಹನ್ನೊಂದಕ್ಕೆ ‘ಒಂದೇ ಒಂದು ಅಧ್ಯಾಯ’ ಅಂತ ಫೋನಿನಲ್ಲಿ ತೆರೆದ ಕಾದಂಬರಿ. ಓದು ನಿಂತಿದ್ದು ಎರಡೂವರೆಗೆ, ಅದೂ ಬ್ಯಾಟರಿ ಸತ್ತಿದ್ದರಿಂದ. ಚಾರ್ಜರ್ ಹಾಲ್‌ನಲ್ಲಿತ್ತು. ಮೂವತ್ತೆರಡು ವರ್ಷದ ನಾನು, ಎದ್ದು ಹೋಗಿ ತರೋ ಧೈರ್ಯವಿಲ್ಲದೆ ಹೊದಿಕೆ ಎಳೆದುಕೊಂಡು ಮಲಗಿದೆ.

ಸ್ಟೀಫನ್ ಕಿಂಗ್ ಬರೆದ ‘ಪೆಟ್ ಸೆಮೆಟರಿ’, 1983ರಲ್ಲಿ ಬಂದಿದ್ದು. ಶೀರ್ಷಿಕೆಯ ಇಂಗ್ಲಿಷ್ ಸ್ಪೆಲಿಂಗ್ ಬೇಕಂತಲೇ ತಪ್ಪು. ಯಾಕಂದ್ರೆ ಕಥೆಯಲ್ಲಿ ಆ ಬೋರ್ಡ್ ಬರೆದವರು ಮಕ್ಕಳು. ಸತ್ತ ನಾಯಿ, ಬೆಕ್ಕುಗಳನ್ನು ಹೂಳೋಕೆ ಅವರೇ ಮಾಡಿಕೊಂಡ ಸ್ಮಶಾನ ಅದು.

ಲೂಯಿಸ್ ಕ್ರೀಡ್ ಅನ್ನೋ ಡಾಕ್ಟರ್ ಹೆಂಡತಿ, ಮಗಳು, ಪುಟ್ಟ ಮಗನ ಜೊತೆ ಶಿಕಾಗೋದಿಂದ ಅಮೆರಿಕದ ಮೇನ್ ರಾಜ್ಯದ ಸಣ್ಣ ಊರಿಗೆ ಬರ್ತಾನೆ. ಮನೆ ಮುಂದೆ ಲಾರಿಗಳು ನುಗ್ಗುವ ರಸ್ತೆ. ಮನೆ ಹಿಂದೆ ಆ ಮಕ್ಕಳ ಸ್ಮಶಾನ. ಅದನ್ನೂ ದಾಟಿ ಕಾಡೊಳಗೆ ನಡೆದರೆ ಇನ್ನೊಂದು ಹಳೆಯ ನೆಲ. ಅಲ್ಲಿ ಹೂತದ್ದು ವಾಪಸ್ ಬರುತ್ತೆ. ಮಗಳ ಬೆಕ್ಕು ಲಾರಿಗೆ ಸಿಕ್ಕಾಗ, ಆಕೆ ಅಳಬಾರದು ಅಂತ ಪಕ್ಕದ ಮನೆಯ ಮುದುಕ ಲೂಯಿಸ್‌ಗೆ ಆ ದಾರಿ ತೋರಿಸ್ತಾನೆ. ಬೆಕ್ಕು ಬರುತ್ತೆ. ಮೈಯಲ್ಲಿ ಮಣ್ಣಿನ ವಾಸನೆ, ನಡಿಗೆಯಲ್ಲಿ ಏನೋ ಎಡವಟ್ಟು. ಅದೇ ಬೆಕ್ಕು, ಆದರೆ ಅದಲ್ಲ.

ಮುಂದೆ ಏನಾಗುತ್ತೆ ಅಂತ ನೀವೀಗ ಊಹಿಸಿರ್ತೀರಿ. ತಮಾಷೆ ಅಂದ್ರೆ ಕಿಂಗ್ ಅದನ್ನು ಮುಚ್ಚಿಡೋದೇ ಇಲ್ಲ. ಅಪ್ಪ ಮಗ ಗಾಳಿಪಟ ಹಾರಿಸೋ ಒಂದು ಅಧ್ಯಾಯವಿದೆ. ಇಡೀ ಪುಸ್ತಕದಲ್ಲಿ ಅಷ್ಟು ಸಂತೋಷದ ಭಾಗ ಇನ್ನೊಂದಿಲ್ಲ. ಮಗು ಕೇಕೆ ಹಾಕಿ ನಗ್ತಿರುವಾಗಲೇ, ಅದಕ್ಕಿನ್ನು ಎರಡು ತಿಂಗಳೂ ಆಯಸ್ಸಿಲ್ಲ ಅಂತ ನಡುವೆ ಸಣ್ಣದಾಗಿ ಹೇಳಿಬಿಡ್ತಾನೆ. ಅಲ್ಲಿಂದ ಪ್ರತಿ ಲಾರಿ ಸದ್ದಿಗೂ ನನ್ನ ಹೊಟ್ಟೆ ಹಿಂಡುತ್ತಿತ್ತು. ಆಮೇಲೆ, ಲೂಯಿಸ್ ಓಡಿ ಹೋಗಿ ಮಗನನ್ನು ಹಿಡಿದೇಬಿಟ್ಟ, ಮಗು ಬೆಳೆದು ಈಜುಗಾರನಾಗಿ ಒಲಿಂಪಿಕ್ಸ್‌ಗೂ ಹೋದ ಅಂತ ಒಂದಷ್ಟು ಪುಟ. ಅದು ಕನಸು. ಅವನಿಗೆ ಎಚ್ಚರವಾಗುತ್ತೆ. ನಾನು ಫೋನ್ ಮಗುಚಿಟ್ಟು ನೀರು ಕುಡಿದೆ.

ಇದರ ಹಿಂದೆ ನಿಜ ಘಟನೆಯೂ ಇದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಕಿಂಗ್ ಮೇನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಾ ಆರಿಂಗ್ಟನ್ ಊರಿನ ಇಂಥದ್ದೇ ರಸ್ತೆ ಪಕ್ಕ ಬಾಡಿಗೆಗಿದ್ದ. ಮಗಳ ಬೆಕ್ಕು ರಸ್ತೆಯಲ್ಲಿ ಸತ್ತಿತು. ಅಲ್ಲೂ ಮಕ್ಕಳೇ ಮಾಡಿದ ಪ್ರಾಣಿಗಳ ಸ್ಮಶಾನವಿತ್ತು. ಪುಟ್ಟ ಮಗ ಒಂದು ದಿನ ರಸ್ತೆಯತ್ತ ಓಡಿದ, ಹೇಗೋ ಉಳಿದುಕೊಂಡ. ‘ಉಳಿಯದೇ ಹೋಗಿದ್ದರೆ?’ ಅನ್ನೋದೇ ಕಾದಂಬರಿ. ಬರೆದು ಮುಗಿಸಿದ ಮೇಲೆ, ಇದು ತೀರಾ ಕ್ರೂರವಾಯ್ತು ಅಂತ ಅವನೇ ಡ್ರಾಯರ್‌ಗೆ ಹಾಕಿಟ್ಟಿದ್ದ. ಹಳೇ ಪ್ರಕಾಶಕರಿಗೆ ಒಪ್ಪಂದದ ಪ್ರಕಾರ ಒಂದು ಪುಸ್ತಕ ಕೊಡಬೇಕಾಗಿ ಬಂದಾಗಲೇ ಅದು ಹೊರಬಂದಿದ್ದು. (1989ರಲ್ಲೂ 2019ರಲ್ಲೂ ಸಿನಿಮಾ ಆಗಿದೆ. ಮೊದಲು ಪುಸ್ತಕ ಓದಿ.)

ದೆವ್ವದ ಕಥೆಗಳಿಗೆ ನಾನು ಹೆದರೋನಲ್ಲ. ಇದು ಬಿಡದೇ ಕಾಡಿದ್ದಕ್ಕೆ ಕಾರಣ ಬೇರೆ.

ಹೋದ ವರ್ಷ ಅಪ್ಪ ಐಸಿಯುನಲ್ಲಿದ್ದರು. ಇನ್ನು ಚೇತರಿಕೆ ಕಷ್ಟ, ನಿರ್ಧಾರ ಮಾಡಿ ಅಂತ ಡಾಕ್ಟರ್ ಮೆತ್ತಗೆ ಹೇಳಿದರು. ಇನ್ನೆರಡು ದಿನ ಅಂದೆ. ಎರಡು ಒಂಬತ್ತಾಯ್ತು. ವೆಂಟಿಲೇಟರ್ ಉಸಿರಾಡಿಸುತ್ತಿತ್ತು. ಅಪ್ಪನ ಕೈ ಹಿಡಿದರೆ ಬೆಚ್ಚಗಿರುತ್ತಿತ್ತು, ಆದರೆ ಅಪ್ಪನ ಕೈ ಅನ್ನಿಸ್ತಿರಲಿಲ್ಲ. ಕೊನೆಗೆ ಅಮ್ಮನೇ “ಸಾಕು, ಕಳಿಸಿಕೊಡೋಣ” ಅಂದಳು. ಚಿತೆಗೆ ಬೆಂಕಿಯಿಟ್ಟು ಹೊರಟಾಗ, ಹಿಂದೆ ತಿರುಗಿ ನೋಡಬೇಡ ಅಂತ ಪುರೋಹಿತರು ಹೇಳಿದ್ದರು. ಗೇಟಿನ ಹತ್ತಿರ ನೋಡಿಬಿಟ್ಟೆ.

ಆ ಒಂಬತ್ತು ದಿನ ಅಪ್ಪನಿಗೋಸ್ಕರ ಅಂದುಕೊಂಡಿದ್ದೆ. ಲೂಯಿಸ್ ಎರಡನೇ ಸಲ ಗುದ್ದಲಿ ಎತ್ತಿಕೊಂಡಾಗ, ಅವನಿಗೆ ಬುದ್ಧಿ ಇಲ್ವಾ, ಬೆಕ್ಕು ಏನಾಯ್ತು ಅಂತ ನೋಡಲಿಲ್ವಾ ಅಂತ ಯಾರಾದರೂ ಬೈಯಬಹುದು. ನನ್ನ ಕೈಲಿ ಆಗಲಿಲ್ಲ. ಡಾಕ್ಟರ್ ಅವನು, ಎಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು.

ಅಮ್ಮನಿಗೆ ಇದನ್ನೆಲ್ಲ ಹೇಳಿಲ್ಲ. ಕಥೆ ಮಾತ್ರ ಹೇಳಿದೆ, ಅರ್ಧದವರೆಗೆ. “ಬೆಕ್ಕನ್ನ ಬಿಟ್ಟುಬಿಡಬೇಕಿತ್ತಪ್ಪ” ಅಂದು ಕಾಫಿ ಬಿಸಿ ಮಾಡೋಕೆ ಎದ್ದಳು.

ಕೊನೇ ಪುಟದಲ್ಲಿ ಏನಿದೆ ಅಂತ ನಾನು ಹೇಳಲ್ಲ. ಅದನ್ನು ಓದಿ ಮೂರು ವಾರವಾಯ್ತು. ವರ್ಕ್ ಫ್ರಮ್ ಹೋಮ್ ದಿನಗಳಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂರೋಕೆ ಆಗ್ತಿಲ್ಲ. ಟೇಬಲ್ ತಿರುಗಿಸಿಕೊಂಡಿದ್ದೀನಿ.