ಒಂದೇ ಡೆಂಗಿ, ಎರಡು ಸೊಳ್ಳೆ: ಒಂದು ಮನೆಯದ್ದು, ಇನ್ನೊಂದು ತೋಟದ್ದು

ಕಳೆದ ಮಳೆಗಾಲ ಪುತ್ತೂರು ಹತ್ತಿರದ ನಮ್ಮೂರಲ್ಲಿ ಅಮ್ಮನಿಗೆ ಡೆಂಗಿ ಬಂತು. ನಾನು ಬೆಂಗಳೂರಿಂದ ಫೋನ್‌ನಲ್ಲೇ ಜೋರು ಮಾಡಿದೆ, "ಡ್ರಮ್ ಮುಚ್ಚಿ ಇಡ್ಲಿಲ್ವಾ ಅಮ್ಮ?" ಅಂತ. "ಮನೆಯೊಳಗೆ ನೀರು ನಿಲ್ಲುವುದೇ ಇಲ್ಲ ಮಾರಾಯ" ಅಂದ್ರು. ಅವರು ಹೇಳಿದ್ದು ಸರಿ. ಆಶಾ ಅಕ್ಕ ಬಂದು ತೋಟದಲ್ಲಿ ಬಿದ್ದಿದ್ದ ಅಡಿಕೆ ಹಾಳೆ ತೋರಿಸಿದ್ರಂತೆ. ಬೊಗಸೆಯಷ್ಟು ಮಳೆನೀರು, ಅದರ ತುಂಬ ಕುಣಿಯೋ ಹುಳ. ನನ್ನ ತಲೆಯಲ್ಲಿದ್ದ ಸೊಳ್ಳೆಯೇ ಬೇರೆ.

ಡೆಂಗಿ ಹರಡೋದು ಮುಖ್ಯವಾಗಿ ಈಡಿಸ್ ಕುಲದ ಎರಡು ಸೊಳ್ಳೆಗಳು, ಈಜಿಪ್ಟೈ ಮತ್ತು ಅಲ್ಬೊಪಿಕ್ಟಸ್. ಎರಡಕ್ಕೂ ಕಪ್ಪು ಮೈ, ಕಾಲಿಗೆ ಬಿಳಿ ಪಟ್ಟೆ. ಹೊಡೆದ ಸೊಳ್ಳೆಯ ಬೆನ್ನನ್ನು ಫೋನ್ ಕ್ಯಾಮೆರಾದಲ್ಲಿ ಝೂಮ್ ಮಾಡಿ. ನಡುವೆ ನಾಮ ಎಳೆದಂತೆ ಒಂದೇ ಬಿಳಿ ಗೆರೆ ಇದ್ದರೆ ಅಲ್ಬೊಪಿಕ್ಟಸ್. ಎರಡೂ ಬದಿಗೆ ಬಾಗಿದ ಗೆರೆಗಳಿದ್ದರೆ ಈಜಿಪ್ಟೈ.

ಈಜಿಪ್ಟೈ ಆಫ್ರಿಕಾ ಮೂಲದ್ದು, ಈಗ ಪಕ್ಕಾ ಮನೆ ಸೊಳ್ಳೆ. ಮಂಚದಡಿ, ಪರದೆ ಹಿಂದೆ ಕೂರುತ್ತೆ, ಹೆಚ್ಚಾಗಿ ಮನುಷ್ಯರನ್ನೇ ಕಚ್ಚುತ್ತೆ, ಡ್ರಮ್ಮು, ಸಂಪು, ಫ್ರಿಜ್ ಹಿಂದಿನ ಟ್ರೇಯಲ್ಲಿ ಮೊಟ್ಟೆ ಇಡುತ್ತೆ. ಅಲ್ಬೊಪಿಕ್ಟಸ್ ಏಷ್ಯಾದ ಕಾಡಿನದ್ದು. ಮರದ ಪೊಟರೆ, ಕಡಿದ ಬಿದಿರಿನ ಬುಡ ಅದರ ಹಳೇ ವಿಳಾಸ. ತೋಟದಲ್ಲಿ ಅದಕ್ಕೆ ಹಾಳೆ, ಗೆರಟೆ, ರಬ್ಬರ್ ಹಾಲಿನ ಕಪ್ ಸಿಕ್ಕಿವೆ. ಪೊದೆಯಲ್ಲಿ ಕೂತು, ಹೊರಗೆ ಕೆಲಸ ಮಾಡೋರನ್ನ ಹಗಲಲ್ಲೇ ಕಚ್ಚುತ್ತೆ. ದನ, ನಾಯಿಯನ್ನೂ ಬಿಡಲ್ಲ. (ಗಿಡಮರ ಹೆಚ್ಚಿರೋ ನಗರದ ಬಡಾವಣೆಗಳಲ್ಲಿ ಎರಡೂ ಸಿಗುತ್ತವೆ.)

ಹೀಗೆ ಸಿಕ್ಕಿದ್ದನ್ನೆಲ್ಲ ಕಚ್ಚೋದರಿಂದ ರೋಗ ಹರಡೋದರಲ್ಲಿ ಇದು ಎರಡನೇ ದರ್ಜೆ ಅನ್ನೋ ಭಾವನೆ ಇತ್ತು. 2005-06ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪ ಅದನ್ನು ಸುಳ್ಳು ಮಾಡಿತು. ಚಿಕೂನ್‌ಗುನ್ಯಾ ವೈರಸ್‌ನಲ್ಲಿ ಆದ ಒಂದೇ ಒಂದು ಸಣ್ಣ ಬದಲಾವಣೆಯಿಂದ ಅದು ಅಲ್ಬೊಪಿಕ್ಟಸ್ ಹೊಟ್ಟೆಯಲ್ಲಿ ಸಲೀಸಾಗಿ ಬೆಳೀತು. ದ್ವೀಪದ ಸುಮಾರು ಮೂರನೇ ಒಂದು ಭಾಗ ಜನರಿಗೆ ಸೋಂಕು ತಗುಲಿತು. 2007ರಲ್ಲಿ ಪಕ್ಕದ ಕೇರಳದಲ್ಲೂ ಅದೇ ಬದಲಾವಣೆಯ ವೈರಸ್ ಸಿಕ್ಕಿತು.

ಹಾಗಾಗಿ "ಡ್ರಮ್ ಮುಚ್ಚಿ, ರೂಮಿಗೆ ಸ್ಪ್ರೇ ಹೊಡೀರಿ" ಅನ್ನೋ ಸಲಹೆ ತೋಟದ ಮನೆಗೆ ಅರ್ಧ ಮಾತ್ರ. ಅಲ್ಲಿ ಹಾಳೆ ಹೆಕ್ಕಿ ಸೂರಿನಡಿ ಹಾಕಬೇಕು, ಗೆರಟೆ, ರಬ್ಬರ್ ಕಪ್ ಬೋರಲು ಹಾಕಬೇಕು. ವಾರಕ್ಕೊಮ್ಮೆ, ತಪ್ಪದೆ. ಮೊಟ್ಟೆ ಸೊಳ್ಳೆಯಾಗೋಕೆ ಮಳೆಗಾಲದಲ್ಲಿ ಏಳರಿಂದ ಹತ್ತು ದಿನ ಸಾಕು. ಪಾತ್ರೆಯ ಒಳಗೋಡೆಗೆ ಅಂಟಿದ ಮೊಟ್ಟೆ ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕುತ್ತೆ, ಅದಕ್ಕೇ ಡ್ರಮ್ ಖಾಲಿ ಮಾಡಿದರೆ ಸಾಲದು, ಉಜ್ಜಬೇಕು.

ಅಮ್ಮ ಹುಷಾರಾಗಿದ್ದಾರೆ. ಈಗ ಭಾನುವಾರ ಫೋನ್ ಮಾಡಿ ನಾನು ಕೇಳೋದು, "ಹಾಳೆ ಹೆಕ್ಕಿ ಆಯ್ತಾ?"