ಕೂಸಿನ ತೂಕದ ಜಾಡು ಹಿಡಿದ ಸೌತಾಂಪ್ಟನ್

ಮಗುವಿನ ಹೆಸರು, ಮನೆ ವಿಳಾಸ, ಹುಟ್ಟಿದಾಗ ಎಷ್ಟು ಪೌಂಡ್. ಎದೆಹಾಲೋ, ಬಾಟಲಿ ಹಾಲೋ. ವರ್ಷ ತುಂಬಿದಾಗ ಎಷ್ಟು ತೂಗಿತು, ಎಷ್ಟು ಹಲ್ಲು ಮೂಡಿದ್ದವು. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ಕೌಂಟಿಯ ದಪ್ಪ ಲೆಡ್ಜರುಗಳಲ್ಲಿ 1911ರಿಂದ 1948ರವರೆಗೆ ಸಾಲುಸಾಲಾಗಿ ಇರುವುದು ಇಂಥ ಮಾಹಿತಿಯೇ. ಬರೆದವರು ಸೂಲಗಿತ್ತಿಯರು, ಮತ್ತು ಹೆರಿಗೆಯಾದ ಮನೆಗಳಿಗೆ ಮತ್ತೆ ಮತ್ತೆ ಹೋಗಿ ಬರುತ್ತಿದ್ದ ಆರೋಗ್ಯ ಸಂದರ್ಶಕಿಯರು. ಬರೆಸಿದಾಕೆ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್. ಬೋಯರ್ ಯುದ್ಧಕ್ಕೆ ಸೇರಲು ಬಂದ ತರುಣರಲ್ಲಿ ಬಹಳ ಮಂದಿಯ ಮೈ ಸೊರಗಿದೆ ಎಂದು ದೇಶವೇ ಕಳವಳಪಟ್ಟಿದ್ದ ಕಾಲ ಅದು. ಕೂಸುಗಳನ್ನು ಉಳಿಸಬೇಕು, ಬೆಳೆಸಬೇಕು ಎಂಬುದಷ್ಟೇ ಆ ಹೆಂಗಸರ ಗುರಿ. ತಾವು ಬರೆದ ಅಂಕಿಗಳನ್ನು ಮುಂದೊಂದು ದಿನ ಹೃದ್ರೋಗದ ಬೇರು ಹುಡುಕುವವರು ಓದುತ್ತಾರೆಂದು ಅವರು ಎಣಿಸಿರಲು ಸಾಧ್ಯವೇ ಇಲ್ಲ.

ಓದಿದವರು ಇದ್ದದ್ದು ಸೌತಾಂಪ್ಟನ್‌ನಲ್ಲಿ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಈ ಬಂದರು ಊರಿನ ಹೆಸರು ನಮಗೆ ಗೊತ್ತಿರುವುದು 1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಹೊರಟ ಜಾಗವೆಂದು. ಅಲ್ಲಿನ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ ಹಳೆಯದೇನಲ್ಲ. ಮೊದಲ ವಿದ್ಯಾರ್ಥಿಗಳು ಬಂದದ್ದು 1971ರಲ್ಲಿ. ಅದನ್ನು ಕಟ್ಟಿದ ಡೀನ್ ಡೊನಾಲ್ಡ್ ಅಚೆಸನ್. ಪೀಠೋಪಕರಣ ಮಾಡುವ ಬಡಗಿಗಳಿಗೆ ಮರದ ಧೂಳಿನಿಂದ ಮೂಗಿನೊಳಗೆ ಕ್ಯಾನ್ಸರ್ ಬರುತ್ತದೆಂದು ತೋರಿಸಿಕೊಟ್ಟವರಲ್ಲಿ ಅವರೂ ಒಬ್ಬರು. 1979ರಲ್ಲಿ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಅವರ ಮುಂದಾಳುತನದಲ್ಲಿ ಅಲ್ಲೊಂದು ಎನ್ವಿರಾನ್‌ಮೆಂಟಲ್ ಎಪಿಡೆಮಿಯಾಲಜಿ ಘಟಕ ತೆರೆಯಿತು. ನೆಲೆ ಸೌತಾಂಪ್ಟನ್ ಜನರಲ್ ಆಸ್ಪತ್ರೆಯ ಆವರಣ. ಧೂಳು, ಕಲ್ನಾರು, ಕಾರ್ಖಾನೆ ಎಂದು ಘಟಕದ ನೋಟವೆಲ್ಲ ಆಗ ಹೊರಗಿನ ಪರಿಸರದ ಕಡೆಗೇ ಇತ್ತು.

1983ರಲ್ಲಿ ಅಚೆಸನ್ ಸರ್ಕಾರದ ಮುಖ್ಯ ವೈದ್ಯಾಧಿಕಾರಿಯಾಗಿ ಹೋದರು. ಮರುವರ್ಷ ಘಟಕದಲ್ಲಿ ಅವರ ಕುರ್ಚಿಗೆ ಬಂದವರು ಡೇವಿಡ್ ಬಾರ್ಕರ್. ಉಗಾಂಡಾದಲ್ಲಿ ಬುರುಲಿ ಹುಣ್ಣಿನ ಹಿಂದೆ ಬಿದ್ದು ಕೆಲಸ ಮಾಡಿ ಬಂದಿದ್ದ ವೈದ್ಯ. ಬಾರ್ಕರ್ ಮತ್ತು ಸಂಖ್ಯಾಶಾಸ್ತ್ರಜ್ಞ ಕ್ಲೈವ್ ಆಸ್ಮಂಡ್ ಸಾವುಗಳ ನಕ್ಷೆ ಮುಂದಿಟ್ಟುಕೊಂಡು ಕುಳಿತಾಗ ಒಂದು ಸಂಗತಿ ಕಾಡತೊಡಗಿತು. ಹೃದ್ರೋಗ ಉಂಡುಟ್ಟು ಸುಖವಾಗಿರುವವರ ಕಾಯಿಲೆ ಎಂಬ ಮಾತು ಎಲ್ಲೆಡೆ ಇತ್ತು. ನಕ್ಷೆಯಲ್ಲಿ ಮಾತ್ರ ಬಡ ಊರುಗಳೇ ಮುಂದು. 1986ರಲ್ಲಿ ಅವರು ಇಂಗ್ಲೆಂಡ್ ಮತ್ತು ವೇಲ್ಸ್‌ನ 212 ಪ್ರದೇಶಗಳ ಲೆಕ್ಕ ಮುಂದಿಟ್ಟರು: 1921-25ರಲ್ಲಿ ಎಲ್ಲಿ ಹಸುಗೂಸುಗಳು ಹೆಚ್ಚು ಸತ್ತಿದ್ದವೋ, 1968-78ರಲ್ಲಿ ಅಲ್ಲೇ ಹೃದಯಾಘಾತದ ಸಾವುಗಳೂ ಹೆಚ್ಚು. ಆ ಕಷ್ಟದ ದಿನಗಳಲ್ಲಿ ಹುಟ್ಟಿ ಬದುಕುಳಿದ ಕೂಸುಗಳೇ ಐವತ್ತು ವರ್ಷದ ಮೇಲೆ ಎದೆ ಹಿಡಿದುಕೊಂಡು ಬೀಳುತ್ತಿದ್ದಾರೆಯೇ?

ನಕ್ಷೆ ಇದಕ್ಕೆ ಉತ್ತರ ಕೊಡಲಾರದು. ಒಬ್ಬೊಬ್ಬರ ಹುಟ್ಟಿನ ತೂಕ ಬೇಕು. ಘಟಕದವರು ದೇಶವನ್ನೆಲ್ಲ ಜಾಲಾಡಿದರು. ದಾಖಲೆಗಳು ಪತ್ರಾಗಾರಗಳಲ್ಲಿ ಸಿಕ್ಕವು, ಅಟ್ಟದ ಮೇಲೆ ಸಿಕ್ಕವು, ಬಾಯ್ಲರ್ ಕೋಣೆಗಳಲ್ಲಿಯೂ ಸಿಕ್ಕವು. ಪ್ರೆಸ್ಟನ್, ಶೆಫೀಲ್ಡ್ ಊರುಗಳ ಹೆರಿಗೆ ಆಸ್ಪತ್ರೆಗಳು ಕೆಲವನ್ನು ಕೊಟ್ಟವು. ಎಲ್ಲಕ್ಕಿಂತ ದೊಡ್ಡ ನಿಧಿ ಎಂದರೆ ಬರ್ನ್‌ಸೈಡ್‌ರ ಲೆಡ್ಜರುಗಳು. 1989ರಲ್ಲಿ ಫಲಿತಾಂಶ ಬಂತು. 1911ರಿಂದ 1930ರ ನಡುವೆ ಹುಟ್ಟಿದ 5,654 ಗಂಡಸರ ಲೆಕ್ಕ ಅದು. ದೇಶದ ಸರಾಸರಿ ಹೃದ್ರೋಗ ಸಾವನ್ನು 100 ಎಂದು ಹಿಡಿದರೆ, ಒಂದು ವರ್ಷಕ್ಕೆ 18 ಪೌಂಡ್ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ 111. 27 ಪೌಂಡ್ ಅಥವಾ ಅದಕ್ಕಿಂತ ಹೆಚ್ಚು ತೂಗಿ ಪುಷ್ಟಿಯಾಗಿದ್ದವರಲ್ಲಿ ಬರೀ 42.

ಬರೀ ಗಂಡಸರೇ ಏಕೆ? ಮದುವೆಯಾದ ಮೇಲೆ ಹೆಂಗಸರ ಹೆಸರು ಬದಲಾಗುತ್ತದೆ, ಜಾಡು ತಪ್ಪುತ್ತದೆ. ಕೂಸು ತೂಗಿದವರೂ ಬರೆದವರೂ ಹೆಂಗಸರು. ಆ ಲೆಡ್ಜರಿನ ಹೆಣ್ಣುಮಕ್ಕಳ ಕಥೆ ಹೊರಬರಲು ಮಾತ್ರ ಇನ್ನೂ ನಾಲ್ಕು ವರ್ಷ ಬೇಕಾಯಿತು. ಈ ಸಂಗತಿ ನನ್ನನ್ನು ನೋಯಿಸುತ್ತದೆ.

ಹೃದ್ರೋಗದ ಬೇರು ಗರ್ಭದಲ್ಲಿ, ಎಳೆತನದಲ್ಲಿ ಇದೆ ಎಂದು ಬಾರ್ಕರ್ ಹೇಳಿದ್ದನ್ನು ಎಲ್ಲರೂ ಒಪ್ಪಿಕೊಳ್ಳಲಿಲ್ಲ. ಬಡತನದಲ್ಲಿ ಹುಟ್ಟಿದವರು ಬಡತನದಲ್ಲೇ ಬಾಳಿರುತ್ತಾರಲ್ಲ, ತಪ್ಪು ಗರ್ಭದ್ದೋ ಬಾಳಿನದೋ ಎಂಬ ಪ್ರಶ್ನೆ ಬಂತು. ಜಾಡು ಸಿಗದೆ ಹೋದವರ ಗತಿ ಏನು ಎಂಬ ಪ್ರಶ್ನೆಯೂ ಬಂತು. ನ್ಯಾಯವಾದ ಪ್ರಶ್ನೆಗಳೇ. ಅವುಗಳಿಂದಾಗಿಯೇ ಘಟಕ ತನ್ನ ಗಡಿ ದಾಟಿ ಬೇರೆ ದೇಶಗಳಲ್ಲೂ ಹುಡುಕಿತು ಎಂದು ನಾನು ಭಾವಿಸುತ್ತೇನೆ. ಆ ಹುಡುಕಾಟ ಬಂದು ನಿಂತದ್ದು ನಮ್ಮ ಮೈಸೂರಿನಲ್ಲಿ.

ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಎಂದರೆ ಆಟೊದವರೂ ಒಂದು ಕ್ಷಣ ಯೋಚಿಸಬಹುದು. ಮಿಷನ್ ಆಸ್ಪತ್ರೆ ಎಂದರೆ ನೇರ ಅಲ್ಲಿಗೇ ಇಳಿಸುತ್ತಾರೆ. 1934ರಿಂದಲೇ ಅಲ್ಲಿ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. ಸೌತಾಂಪ್ಟನ್‌ನ ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಇಲ್ಲಿನ ವೈದ್ಯರ ಜೊತೆ ಸೇರಿ ಆಸ್ಪತ್ರೆಯ ಸುತ್ತಲಿನ ಬೀದಿಗಳಲ್ಲಿ ಮನೆಮನೆ ತಿರುಗಿ, ಅಲ್ಲೇ ಹುಟ್ಟಿ ಅಲ್ಲೇ ಉಳಿದಿದ್ದವರನ್ನು ಹುಡುಕಿದರು. 1934-54ರ ನಡುವೆ ಹುಟ್ಟಿದ 517 ಮಂದಿಯ ಪರೀಕ್ಷೆಯ ಫಲ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಎರಡೂವರೆ ಕಿಲೊ ಅಥವಾ ಅದಕ್ಕೂ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ನೂರಕ್ಕೆ 11 ಮಂದಿಗೆ; ಮೂರು ಕಿಲೊ ದಾಟಿದವರಲ್ಲಿ ಮೂವರಿಗೆ.

ಸಕ್ಕರೆ ಕಾಯಿಲೆಯ ವಿಷಯದಲ್ಲಿ ಮಾತ್ರ ಮೈಸೂರು ಬೇರೆಯದೇ ಮಾತು ಹೇಳಿತು. ಇಂಗ್ಲೆಂಡಿನಲ್ಲಿ ಸಣಕಲಾಗಿ ಹುಟ್ಟಿದವರಿಗೆ ಮುಂದೆ ಸಕ್ಕರೆ ಕಾಯಿಲೆ. ಇಲ್ಲಿ ಗಿಡ್ಡವಾಗಿ, ಉದ್ದಕ್ಕೆ ಹೋಲಿಸಿದರೆ ಗುಂಡಗೆ ಹುಟ್ಟಿದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಹೆಚ್ಚು. ಬಸುರಿನಲ್ಲೇ ತಾಯಿಗೆ ಸಕ್ಕರೆ ಏರಿತ್ತೇ ಎಂಬ ಅನುಮಾನ ಹುಟ್ಟಿತು. ಅದನ್ನು ಬಗೆಹರಿಸಲು 1997-98ರಲ್ಲಿ ಪಾರ್ಥೆನಾನ್ ಅಧ್ಯಯನ ಶುರುವಾಯಿತು. ಗರ್ಭಿಣಿಯರಿಗೆ ಗ್ಲೂಕೋಸ್ ಕುಡಿಸಿ ರಕ್ತ ಪರೀಕ್ಷಿಸಿದಾಗ ನೂರಕ್ಕೆ ಆರು ಮಂದಿಗಿಂತ ಹೆಚ್ಚಿನವರಲ್ಲಿ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಕಂಡಿತು. ಬಿ12 ಜೀವಸತ್ವದ ಕೊರತೆ ಇದ್ದವರಂತೂ ನೂರಕ್ಕೆ 43. ಆ ತಾಯಂದಿರ ಮಕ್ಕಳನ್ನು ಜಿ.ವಿ. ಕೃಷ್ಣವೇಣಿ ಅವರ ತಂಡ ಎಳೆತನದಿಂದ ಯೌವನದವರೆಗೆ ಬಿಡದೆ ಅಳೆಯುತ್ತ ಬಂದಿದೆ. ಆ ಮಕ್ಕಳು ಈಗ ಮೂವತ್ತರ ಹತ್ತಿರ ಬಂದಿದ್ದಾರೆ.

ಅತ್ತ ಸೌತಾಂಪ್ಟನ್ ಕೂಡ ಹಳೆಯ ಲೆಡ್ಜರುಗಳನ್ನೇ ನೆಚ್ಚಿ ಕೂರಲಿಲ್ಲ. 1998ರಿಂದ ಊರಿನ 12,583 ತರುಣಿಯರನ್ನು ಗರ್ಭ ಧರಿಸುವ ಮೊದಲೇ ಮಾತನಾಡಿಸಿ, ಊಟ ಉಪಚಾರ ಕೇಳಿ ಬರೆದುಕೊಂಡಿತು. ಅವರಿಗೆ ಹುಟ್ಟಿದ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹಿಂಬಾಲಿಸಿತು. 2003ರಲ್ಲಿ ಸೈರಸ್ ಕೂಪರ್ ನಿರ್ದೇಶಕರಾದ ಮೇಲೆ ಮೂಳೆ ಸವೆತವೂ ಘಟಕದ ದೊಡ್ಡ ವಿಷಯವಾಯಿತು. 2010ರಲ್ಲಿ ಅದರ ಹೆಸರಿಗೆ ಲೈಫ್‌ಕೋರ್ಸ್ ಎಂಬ ಪದ ಸೇರಿತು. ಕನ್ನಡದಲ್ಲಿ ಇದಕ್ಕೆ 'ಬಾಳಿನುದ್ದ' ಎಂದರೆ ಸಾಕು. ಬಾರ್ಕರ್ 2013ರಲ್ಲಿ ತೀರಿಕೊಂಡರು.

ಇದನ್ನೆಲ್ಲ ಓದುತ್ತಿದ್ದಾಗ ನನ್ನ ಹುಟ್ಟಿನ ತೂಕ ಎಷ್ಟಿತ್ತೆಂದು ಅಮ್ಮನನ್ನು ಕೇಳಿದೆ. ಬೊಗಸೆಯಲ್ಲಿ ಹಿಡಿಸುವಷ್ಟಿದ್ದೆ ಎಂದರು. ಹೆರಿಗೆಯಾದ ಆಸ್ಪತ್ರೆಗೆ ಹೋಗಿ ವಿಚಾರಿಸಿದರೆ ಹಳೆಯ ರಿಜಿಸ್ಟರುಗಳನ್ನು ಎಂದೋ ರದ್ದಿಗೆ ಹಾಕಿದ್ದರು. ಎಷ್ಟು ಮಕ್ಕಳ ಮೊದಲ ಅಂಕಿ ಕಡಲೆಕಾಯಿ ಪೊಟ್ಟಣವಾಗಿ ಹೋಯಿತೋ! ಇಂದು ನಮ್ಮ ತಾಯಿ ಕಾರ್ಡಿನಲ್ಲಿ, ಅಂಗನವಾಡಿಯ ಪುಸ್ತಕದಲ್ಲಿ ಅದೇ ಅಂಕಣಗಳಿವೆ. ತೂಗುವವರು ಗಡಿಬಿಡಿಯಲ್ಲಿ ಎರಡೂವರೆ, ಮೂರು ಎಂದು ದುಂಡಗೆ ಬರೆದುಬಿಟ್ಟರೆ ಆ ಸಾಲು ಮುಂದಿನವರಿಗೆ ಏನನ್ನೂ ಹೇಳಲಾರದು.

ಹೋದ ತಿಂಗಳು ನಮ್ಮ ಬೀದಿಯ ಅಂಗನವಾಡಿಯಲ್ಲಿ ತೊಲೆಗೆ ನೇತುಹಾಕಿದ್ದ ತಕ್ಕಡಿಯಲ್ಲಿ ಆರು ತಿಂಗಳ ಮಗುವೊಂದು ಕಾಲು ಬಡಿದು ಅಳುತ್ತಿತ್ತು. ಮುಳ್ಳು ಆಚೆಗೂ ಈಚೆಗೂ ಓಲಾಡುತ್ತಿತ್ತು. ಸಾಕು ಇಳಿಸಿ ಎಂದು ಅಜ್ಜಿ ಅವಸರಪಡಿಸಿದರು. ಕಾರ್ಯಕರ್ತೆ ಮಗುವಿನ ಕಣ್ಣೆದುರು ಬಳೆ ಆಡಿಸಿ, ಅದು ಅಳು ನಿಲ್ಲಿಸುವ ತನಕ ಕಾದು, ಬಗ್ಗಿ ಮುಳ್ಳು ನೋಡಿ ಬರೆದುಕೊಂಡರು: ಆರು ಕಿಲೊ ಇನ್ನೂರು ಗ್ರಾಂ.