ಇಳಿತ ನೋಡಿ ಬಸ್ಸು ಹತ್ತಿ

ಡಿಸೆಂಬರ್ ಬಂತೆಂದರೆ ಬಯಲುಸೀಮೆಯ ಶಾಲಾ ಬಸ್ಸುಗಳು ಘಟ್ಟ ಇಳಿಯತೊಡಗುತ್ತವೆ. ಗೋಕರ್ಣ, ಮುರುಡೇಶ್ವರ, ಕಾರವಾರದ ಯುದ್ಧನೌಕೆ. ನಡುವೆ ಅರ್ಧ ಗಂಟೆ ಅಲೆಯಲ್ಲಿ ಕಾಲು ನೆನೆಸಿ ಮತ್ತೆ ಬಸ್ಸು. ಆಮೇಲೆ ಮಕ್ಕಳು ಬರೆಯುವ ಪ್ರಬಂಧದಲ್ಲಿ ಸೂರ್ಯಾಸ್ತ ಇರುತ್ತದೆ, ಕಡಲಲ್ಲಿ ಬದುಕುವವರ ಸುದ್ದಿ ಇರುವುದಿಲ್ಲ.

ಅವರನ್ನು ಕಾಣಲು ದೋಣಿ ಬೇಕಿಲ್ಲ. ಇಳಿತದ ಹೊತ್ತಿಗೆ ಬಂಡೆಯಿರುವ ದಂಡೆಗೆ ಹೋದರೆ ಸಾಕು. ಮೇಲ್ಗಡೆ ಬಿಳಿ ಬಾರ್ನಕಲ್‌ಗಳು, ಮುಟ್ಟಿದರೆ ಗರಗಸದ ಹಲ್ಲಿನಂತೆ ಚುಚ್ಚುತ್ತವೆ. ನೋಡಲು ಚಿಪ್ಪು, ಆದರೆ ಏಡಿ-ಸಿಗಡಿಯ ಬಳಗ. ತಲೆಯ ಕಡೆಯಿಂದ ಕಲ್ಲಿಗೆ ಅಂಟಿಕೊಂಡು, ನೀರು ಬಂದಾಗ ಕಾಲು ಹೊರಚಾಚಿ ಆಹಾರ ಬಾಚಿಕೊಳ್ಳುತ್ತವೆ; ನೀರಿಳಿದರೆ ಒಳಗಿನ ಪಸೆ ಆರದಂತೆ ಮುಚ್ಚಿಕೊಂಡು ಕೂರುತ್ತವೆ. ಇಷ್ಟು ಬಿಸಿಲು ತಾಳಲಾರದ ನೀಲಿಕಲ್ಲು ಎಂಬ ಚಿಪ್ಪುಜೀವಿಗಳು ಇನ್ನಷ್ಟು ಕೆಳಗಿರುತ್ತವೆ. ಬಂಡೆಯ ಗುಂಡಿಯಲ್ಲಿ ನಿಂತ ನೀರನ್ನು ಐದು ನಿಮಿಷ ಸುಮ್ಮನೆ ನೋಡಿ: ಶಂಖವೊಂದು ಎದ್ದು ನಡೆಯುತ್ತದೆ. ಒಳಗಿರುವುದು ಸನ್ಯಾಸಿ ಏಡಿ. ಅದರ ಹೊಟ್ಟೆ ಮೆತ್ತಗೆ, ಬೆಳೆದಂತೆಲ್ಲ ದೊಡ್ಡ ಖಾಲಿ ಶಂಖ ಹುಡುಕಲೇಬೇಕು. ಮಕ್ಕಳು ಜೇಬು ತುಂಬಿಕೊಳ್ಳುವ ಶಂಖಗಳು ಯಾರ ಮನೆಯೆಂದು ಆಗ ಬೇರೆ ಹೇಳಬೇಕಾಗಿಲ್ಲ.

ನೋಡಲು ಬಂಡೆಯಷ್ಟೇ ಅಲ್ಲ, ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಮರದ ಹಲಗೆಯ ಕಾಲುದಾರಿ ಇದೆ. ಕೆಸರಿನಲ್ಲಿ ಗಾಳಿ ಕಡಿಮೆ, ಹಾಗಾಗಿ ಕೆಲವು ಗಿಡಗಳು ಬೇರನ್ನೇ ಮೇಲಕ್ಕೆ ಚಾಚಿ ಉಸಿರಾಡುತ್ತವೆ. ಕಾಂಡ್ಲಾದ ಬೀಜ ಮರದಲ್ಲಿರುವಾಗಲೇ ಮೊಳೆತು ಉದ್ದಕ್ಕೆ ನೇತಾಡುತ್ತದೆ. ಇನ್ನು ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವೇ ಇದೆ. ಮೊದಲೇ ಒಂದು ಪತ್ರ ಬರೆದು ಕೇಳುವುದಕ್ಕೆ ಶಾಲೆಗಳಿಗೇನು ಸಂಕೋಚವೋ!

ತೊಡಕು ಇರುವುದು ವೇಳಾಪಟ್ಟಿಯಲ್ಲಿ. ಉಬ್ಬರಕ್ಕೂ ಇಳಿತಕ್ಕೂ ನಡುವೆ ಸುಮಾರು ಆರು ಗಂಟೆ. ಇಳಿತದ ಹೊತ್ತು ದಿನದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಹೆಚ್ಚು ಹಿಂದೆ ಸರಿಯುವುದರಿಂದ ಕಾಣುವುದೂ ಹೆಚ್ಚು. ಊಟ, ದೇವಸ್ಥಾನ ಎಲ್ಲ ಗೊತ್ತುಮಾಡಿ ಉಳಿದ ಹೊತ್ತಿಗೆ ಕಡಲು ಎಂದರೆ ಉಬ್ಬರವೇ ಎದುರಾದೀತು. ಮೊದಲು ಇಳಿತದ ಹೊತ್ತು ಹಿಡಿದು, ಉಳಿದದ್ದನ್ನು ಅದರ ಸುತ್ತ ಜೋಡಿಸಬೇಕು. ಲೆಕ್ಕ ಬಾರದಿದ್ದರೆ ಆ ಊರಿನ ಮೀನುಗಾರರನ್ನು ಕೇಳಿ, ತಿಥಿ ಹಿಡಿದು ಹೇಳುತ್ತಾರೆ.

ಮಕ್ಕಳ ಕಾಲಿಗೆ ಜಾರದ ಚಪ್ಪಲಿ ಇರಲಿ. ಮಗುಚಿ ನೋಡಿದ ಕಲ್ಲನ್ನು ಇದ್ದಂತೆಯೇ ಇಡಿಸಿ. ನೀರು ಏರತೊಡಗಿದ ಕೂಡಲೇ ಎಲ್ಲರನ್ನೂ ಬಂಡೆಯಿಂದ ಇಳಿಸಿ, ಫೋಟೊ ಬಾಕಿಯಿದ್ದರೂ ಸರಿಯೇ.